ಹೊಲಿಗೆಯಾಕೆ ಕೇಳಬೇಕೆಂದಿದ್ದ ಮಾತು

ನಮ್ಮ ಭಾವನ ಎದುರು ಸೀನುವುದಕ್ಕೂ ಹೆದರಬೇಕಿತ್ತು. ಸೀನಿದರೆ ಅದಕ್ಕೊಂದು ವಾಕ್ಯ ಬರುತ್ತಿತ್ತು. ಅದು ಪವಿತ್ರ ಗ್ರಂಥದಲ್ಲಿ ಎಷ್ಟನೆಯ ಅಧ್ಯಾಯ, ಎಷ್ಟನೆಯ ವಚನ ಎಂಬುದು ಅದರ ಬೆನ್ನಿಗೇ ಬರುತ್ತಿತ್ತು. ಹಾಲು ಉಕ್ಕಿದರೆ ಒಂದು, ಬಸ್ಸು ತಪ್ಪಿದರೆ ಒಂದು. ನನ್ನ ಗಂಡ ತೀರಿಕೊಂಡ ದಿನ ಹೆಣದ ಪಕ್ಕದಲ್ಲಿ ನಿಂತು ಒಂದೇ ಉಸಿರಿಗೆ ಏಳೆಂಟು ವಾಕ್ಯ ಉದುರಿಸಿದರು. ಕೊನೆಗೆ ನಾನೇ, "ಭಾವ, ಒಂದು ಲೋಟ ನೀರು ಕೊಡ್ತೀರಾ" ಎಂದು ಕೇಳಬೇಕಾಯಿತು. ನೀರು ತಂದುಕೊಟ್ಟದ್ದು ಪಕ್ಕದ ಮನೆಯವರು. ಭಾವ ಬಾಯಾರಿಕೆಯ ಕುರಿತು ಒಂದು ವಾಕ್ಯ ಹೇಳಿದರು.

ಬೀದಿಯವರು ಅವರಿಗೆ ‘ಅಧ್ಯಾಯ’ ಎಂದು ಅಡ್ಡಹೆಸರಿಟ್ಟಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದುಕೊಂಡಿದ್ದವರು ಅವರೊಬ್ಬರೇ.

ಅವರ ಕಸುಬು ಸಮಾಧಿಯ ಕಲ್ಲು ಕೆತ್ತುವುದು. ಸ್ಮಶಾನಕ್ಕೆ ಹೋಗುವ ರಸ್ತೆಯಲ್ಲಿ, ಶವಪೆಟ್ಟಿಗೆ ಅಂಗಡಿಯ ಹಿಂದೆ, ತಗಡು ಹೊದಿಸಿದ ಒಂದು ಶೆಡ್ಡು. ಒಳಗೆ ಗೋಡೆಗೆ ಒರಗಿಸಿದ ಕರಿಕಲ್ಲಿನ ಚಪ್ಪಡಿಗಳು, ಉಳಿಗಳು, ಸುತ್ತಿಗೆ, ಕಲ್ಲನ್ನು ನುಣುಪು ಮಾಡುವ ಯಂತ್ರ, ಎಲ್ಲದರ ಮೇಲೂ ಬಿಳಿಯ ಧೂಳು. ಕೆಲಸದಲ್ಲಿ ಅವರದು ಎತ್ತಿದ ಕೈ, ಇಲ್ಲವೆನ್ನಲಾರೆ. ಅಕ್ಷರಗಳನ್ನು ಮೊದಲು ಸೀಮೆಸುಣ್ಣದಲ್ಲಿ ಬರೆದು, ದೂರ ನಿಂತು ನೋಡಿ, ಅಳಿಸಿ, ಮತ್ತೆ ಬರೆದು, ಆಮೇಲೆ ಉಳಿ ಇಡುತ್ತಿದ್ದರು. ಸತ್ತವರ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ ಇವೆಲ್ಲ ಪೆಟ್ಟಿಗೆ ಅಂಗಡಿಯವನ ಮೂಲಕ ಬರುತ್ತಿದ್ದವು. ಕೆಳಗೆ ಹಾಕುವ ವಾಕ್ಯವನ್ನು ಆರಿಸುವುದನ್ನು ಮನೆಯವರು ಹೆಚ್ಚಾಗಿ ಭಾವನಿಗೇ ಬಿಡುತ್ತಿದ್ದರು. ಸತ್ತವರು ಎಂಥವರಾಗಿದ್ದರು ಎಂದು ಅವರು ಕೇಳಿದ್ದನ್ನು ನಾನು ಕಾಣೆ. ಕಲ್ಲು ಎಷ್ಟು ಅಗಲ ಎಂದು ಕೇಳುತ್ತಿದ್ದರು. ಅಗಲದ ಕಲ್ಲಿಗೆ ಉದ್ದನೆಯ ವಾಕ್ಯ, ಕಿರಿದಾದ ಕಲ್ಲಿಗೆ ಚಿಕ್ಕದು. ಕಿರಿದಾದ ಕಲ್ಲುಗಳಿಗೆಂದು ಅವರ ಹತ್ತಿರ ಒಂದೇ ಒಂದು ವಾಕ್ಯ ಇತ್ತು. ಹಾಗಾಗಿ ಆ ಸ್ಮಶಾನದ ಬಡವರೆಲ್ಲ ಅದೊಂದೇ ವಾಕ್ಯದ ಕೆಳಗೆ ಮಲಗಿದ್ದಾರೆ.

ನಮ್ಮ ಸಭೆ ಸೇರುತ್ತಿದ್ದದ್ದು ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ. ಅಲ್ಲಿ ಭಾವ ಹಿರಿಯರು. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಪಾಠ ಹೇಳುವವರು ಅವರೇ, ಪಾಠದ ಕೊನೆಗೆ ಪರೀಕ್ಷೆ ಇಟ್ಟು ಅಂಕ ಕೊಡುವವರೂ ಅವರೇ. ಹೌದು, ಅಂಕ. ದೇವರನ್ನು ನಂಬಬೇಕೆಂದು ಬಂದವರು ಮೊದಲು ನಮ್ಮ ಭಾವನ ಕೈಯಲ್ಲಿ ಪಾಸಾಗಬೇಕಿತ್ತು. ಬುಧವಾರ ಸಂಜೆ ರೋಗಿಗಳಿಗಾಗಿ ನಡೆಯುವ ಪ್ರಾರ್ಥನೆ ಕೂಟವೂ ಅವರ ಸುಪರ್ದಿಗೇ ಸೇರಿತ್ತು. ಅವರು ಎದ್ದು ನಿಂತು, ಕಣ್ಣು ಮುಚ್ಚಿ, ಕುತ್ತಿಗೆ ಎತ್ತಿ ಶುರು ಮಾಡಿದರೆಂದರೆ ಕೆಳಗೆ ಟೈರಿಗೆ ಗಾಳಿ ಹಾಕುವವನು ಯಂತ್ರ ನಿಲ್ಲಿಸುತ್ತಿದ್ದ. ಭಕ್ತಿಯಿಂದಲ್ಲ. ಎರಡು ಗದ್ದಲದ ನಡುವೆ ಗಿರಾಕಿಯ ಮಾತು ಕೇಳಿಸುತ್ತಿರಲಿಲ್ಲವಂತೆ.

ಇಷ್ಟೆಲ್ಲ ಪ್ರಾರ್ಥಿಸುವವರು ರೋಗಿಗಳ ಮನೆಗೆ ಹೋಗುತ್ತಿದ್ದರೇ ಎಂದರೆ ಇಲ್ಲ. ರೋಗಿಗಳ ಬಗ್ಗೆ ದೇವರಿಗೆ ತಿಳಿಸುವುದು ತಮ್ಮ ಸೇವೆ, ರೋಗಿಗಳನ್ನು ಹೋಗಿ ನೋಡುವುದು ಪಾಸ್ಟರ್ ಸೇವೆ ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದರು. ಪಾಸ್ಟರೋ, ಊರೂರಿನ ಸಮ್ಮೇಳನಗಳಿಗೆ ಹೋಗುವುದೇ ತಮ್ಮ ಸೇವೆ ಎಂದುಕೊಂಡಿದ್ದವರು. ಹೀಗಾಗಿ ಸೇವೆ ಮಾಡುವವರಿಗೆ ಕೊರತೆ ಇರಲಿಲ್ಲ, ಕಾಯಿಲೆಯವರ ಕೋಣೆಯ ಬಾಗಿಲು ತಟ್ಟುವವರು ಮಾತ್ರ ಯಾರೂ ಇರಲಿಲ್ಲ.

ಇನ್ನು ನಾನು. ಗಂಡ ಹೋದ ಮೇಲೆ ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೇನೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸುವುದು, ಮಗ್ಗುಲು ಬದಲಿಸಿ ಮಲಗಿಸುವುದು, ಊಟ ಮಾಡಿಸುವುದು, ಬಟ್ಟೆ ಒಗೆಯುವುದು ನನ್ನ ಕೆಲಸ. ನನ್ನನ್ನು ಮಹಾ ಸಾಧ್ವಿ ಎಂದುಕೊಳ್ಳಬೇಡಿ. ಸಂಬಳಕ್ಕೆ ಮಾಡುತ್ತೇನೆ, ಗೊಣಗುತ್ತಾ ಮಾಡುತ್ತೇನೆ. ಸಭೆಗೆ ಹೋಗುತ್ತಿದ್ದದ್ದು ಅಕ್ಕನ ಮುಖ ನೋಡಿ. ಹೋಗಿ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದೆ.

ಆ ವರ್ಷ ನಾನು ನೋಡಿಕೊಳ್ಳುತ್ತಿದ್ದದ್ದು ಒಬ್ಬ ಹೊಲಿಗೆಯಾಕೆಯನ್ನು. ನನ್ನದೇ ವಯಸ್ಸು. ಕಿಟಕಿ ಪರದೆ, ಶಾಲೆಯ ಸಮವಸ್ತ್ರ, ಕಿತ್ತುಹೋದ ಜೇಬು, ಏನು ಕೊಟ್ಟರೂ ಹೊಲಿದು ಬದುಕಿದವಳು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಡಾಕ್ಟರು ಕೈಬಿಟ್ಟಿದ್ದರು. ಗಂಡ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುವವನು. ಮಾತು ಕಡಿಮೆ, ಸಭೆಗೆ ಬಂದವನೂ ಅಲ್ಲ. ದಿನವಿಡೀ ಬೇರೆಯವರನ್ನು ಲಿಫ್ಟಿನಲ್ಲಿ ಏರಿಸಿ ಇಳಿಸುವವನ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ, ಬರೀ ಮೆಟ್ಟಿಲು. ಒಂದು ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದಿಷ್ಟು ಜಾಗ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದಕ್ಕೆ ಅವಳೇ ಹೊಲಿದ ಹೂವಿನ ಗವಸು. ಸಭೆಯಲ್ಲಿ ಅವಳನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ದೀಕ್ಷಾಸ್ನಾನದ ದಿನ ಒಮ್ಮೆ ಕೂಗಿದ್ದ ಅವಳ ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ಮೈ ಒರೆಸುತ್ತಿದ್ದಾಗ ಅವಳು ಅಂದಳು, "ನಿಮ್ಮ ಭಾವಂಗೆ ಒಂದ್ಸಲ ಬರಕ್ಕೆ ಹೇಳೇ. ಒಂದು ಮಾತು ಕೇಳ್ಬೇಕು."

"ಒಂದು ಕೇಳಿದ್ರೆ ಅವರು ನೂರು ಹೇಳ್ತಾರೆ. ಸರಿಯಾಗಿ ಯೋಚ್ನೆ ಮಾಡು."

"ಪರವಾಗಿಲ್ಲ. ಅವರ ಹತ್ರಾನೇ ಕೇಳ್ಬೇಕು."

"ಏನು ಅಂತ ನಂಗಾದ್ರೂ ಹೇಳು."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಯಾರೂ ಇಲ್ದೆ ಒಬ್ರೇ ಇರುವಾಗ, ದೇವರು ಪಕ್ಕದಲ್ಲಿ ಇದ್ದಾನೆ ಅಂತ ನಿಮಗೆ ಯಾವತ್ತಾದ್ರೂ ಅನ್ನಿಸಿದ್ಯಾ ಅಂತ. ಅಷ್ಟೇ ಕಣೇ. ನಂಗೆ ಪಾಠ ಎಲ್ಲ ಬರತ್ತೆ. ಅವರ ಪರೀಕ್ಷೇಲಿ ನಾನೇ ಮೊದಲು ಬಂದಿದ್ದು. ಆದ್ರೆ ಇಲ್ಲಿ ಮಲಗಿದ್ರೆ ಗೋಡೆ ಬರೀ ಗೋಡೆ. ಯಾರೂ ಇಲ್ಲ. ಸಭೇಲಿರೋ ಅಷ್ಟು ಜನಕ್ಕೂ ಅನ್ನಿಸಿ ನನಗೊಬ್ಳಿಗೆ ಅನ್ನಿಸಲ್ಲ ಅಂದ್ರೆ, ನಾನು ಹೋಗೋ ಕಡೆ ನನ್ನ ಯಾರು ಗುರುತು ಹಿಡೀತಾರೆ? ಹೆದರಿಕೆ ಆಗತ್ತೆ."

"ನಂಗೂ ಅನ್ನಿಸಿಲ್ಲ, ತಗೋ."

"ನೀನು ತೂಕಡಿಸೋಳು. ನಿನ್ನ ಮಾತು ಲೆಕ್ಕಕ್ಕಿಲ್ಲ," ಎಂದು ನಕ್ಕಳು. ನಗುವುದಕ್ಕೂ ಹೊಟ್ಟೆ ಹಿಡಿದುಕೊಳ್ಳಬೇಕಿತ್ತು. "ಪ್ರಶ್ನೆ ಏನು ಅಂತ ಅವರಿಗೆ ಮೊದ್ಲೇ ಹೇಳ್ಬೇಡ. ಉತ್ತರ ಓದ್ಕೊಂಡು ಬಂದ್ಬಿಡ್ತಾರೆ."

ಮನೆಗೆ ಹೋಗುವ ದಾರಿಯಲ್ಲಿ ಶೆಡ್ಡಿಗೆ ಹೋದೆ. ಭಾವ ಯಾರದೋ ಕಲ್ಲಿನ ಅಂಚು ಉಜ್ಜುತ್ತಿದ್ದರು.

"ಹೊಲಿಗೆಯಕ್ಕ ನಿಮ್ಮನ್ನ ಬರಕ್ಕೆ ಹೇಳಿದಾಳೆ, ಭಾವ."

"ಬುಧವಾರ ಬುಧವಾರ ಅವರಿಗೋಸ್ಕರ ಪ್ರಾರ್ಥನೆ ಮಾಡ್ತಾನೇ ಇದೀವಲ್ಲಮ್ಮ."

"ಪ್ರಾರ್ಥನೆ ಅಲ್ಲ. ನೀವು ಬರ್ಬೇಕಂತೆ."

ಭಾವ ಉಜ್ಜುಕಾಗದದ ಒಂದು ಚೂರು ಹರಿದು, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಅಧ್ಯಾಯದ ಸಂಖ್ಯೆ, ವಚನದ ಸಂಖ್ಯೆ ಬರೆದು ಕೊಟ್ಟರು. "ಇದನ್ನ ಓದಕ್ಕೆ ಹೇಳು. ಎಲ್ಲಾ ಇದರಲ್ಲಿದೆ." ಮದ್ದಿನ ಚೀಟಿ ಕೊಟ್ಟ ಡಾಕ್ಟರಂತೆ ಮತ್ತೆ ಕಲ್ಲಿನ ಕಡೆ ತಿರುಗಿದರು. ಮರುದಿನ ಅದನ್ನು ಕೊಟ್ಟೆ. ಹೊಲಿಗೆಯಾಕೆ ಸಂಖ್ಯೆ ನೋಡಿದಳು, ವಾಕ್ಯವನ್ನು ಬಾಯಿಪಾಠ ಒಪ್ಪಿಸಿದಳು, ಕಾಗದ ಮಗುಚಿ ಅದರಲ್ಲಿ ಉಗುರು ಉಜ್ಜಿಕೊಂಡಳು. "ಇದಕ್ಕಾದ್ರೂ ಆಗತ್ತೆ. ಇನ್ನೊಂದ್ಸಲ ಕೇಳಿ ನೋಡು," ಅಂದಳು.

ಎರಡನೆಯ ಸಲ ಊಟಕ್ಕೆ ಕೂತಿದ್ದಾಗ ಹೇಳಿದೆ. ಅಕ್ಕನೂ ದನಿಗೂಡಿಸಿದಳು. ಭಾವ ತಟ್ಟೆಯಿಂದ ತಲೆ ಎತ್ತಿ, "ವಿಷಯ ಏನಂತೆ?" ಅಂದರು.

"ಅದು ನಿಮ್ಮನ್ನೇ ಕೇಳ್ಬೇಕಂತೆ."

"ವಿಷಯ ಗೊತ್ತಾದ್ರೆ ಸಿದ್ಧ ಮಾಡ್ಕೊಂಡು ಹೋಗ್ಬಹುದು. ಸುಮ್ನೆ ಹಾಗೇ ಹೋಗೋದು ಹೇಗೆ? ಪಾಪಕ್ಕೆ ಸಂಬಂಧಪಟ್ಟಿದ್ದಾ, ಪುನರುತ್ಥಾನಕ್ಕೆ ಸಂಬಂಧಪಟ್ಟಿದ್ದಾ?"

"ಹೊಟ್ಟೆನೋವಿಗೆ ಸಂಬಂಧಪಟ್ಟಿದ್ದು," ಅಂದೆ ನಾನು. ನನ್ನ ನಾಲಿಗೆಗೆ ಮೂಳೆ ಇಲ್ಲವೆಂದು ಅಕ್ಕ ಕಣ್ಣಲ್ಲೇ ಗದರಿದಳು. ಭಾವ ಕೈ ತೊಳೆಯಲು ಎದ್ದು ಹೋದರು. ಅವರ ಮುಖದಲ್ಲಿ ಅವತ್ತು ಕಂಡದ್ದು ಜಂಬ ಎಂದುಕೊಂಡಿದ್ದೆ. ಈ ಮನುಷ್ಯನಿಗೆ ಹೆದರಿಕೆ ಎಂಬುದು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಒಂದು ದಿನ ಬಂದರು ಅನ್ನಿ. ನಾನು ಮೇಲಿನ ಕಿಟಕಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ. ಕೆಳಗೆ ನಮ್ಮ ಭಾವನ ಬೋಳುತಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಗ್ರಂಥ. ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಅದೇ ಹೊತ್ತಿಗೆ ಹೊಲಿಗೆಯಾಕೆಗೆ ವಾಂತಿ ಶುರುವಾಯಿತು. ಅದರ ಸದ್ದು ಮೆಟ್ಟಿಲಿಳಿದು ಕೆಳಗೆ ಹೋಗುತ್ತಿತ್ತು. ಬೋಗುಣಿ ಹಿಡಿದುಕೊಂಡೇ ನಾನು ಕಿಟಕಿಯ ಕಡೆ ಕತ್ತು ಚಾಚಿದೆ. ಭಾವ ಒಂದು ಮೆಟ್ಟಿಲು ಹತ್ತಿದರು, ನಿಂತರು, ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಆಮೇಲೆ ಕಾಲಿಗೆ ಬುದ್ಧಿ ಹೇಳಿದರು. ಅಷ್ಟು ಬೇಗ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಯಾರೋ ಬಂದ ಹಾಗಾಯ್ತು," ಅಂದಳು ಅವಳು.

"ಯಾರೂ ಇಲ್ಲ, ಮಲಕ್ಕೋ."

ಸಂಜೆ ಮನೆಗೆ ಹೋದರೆ ಭಾವ ಅಕ್ಕನ ಎದುರು ಹೇಳುತ್ತಿದ್ದರು, "ಹೋಗಿದ್ದೆ. ಅವರು ನಿದ್ದೆ ಮಾಡ್ತಿದ್ರು. ಎಬ್ಬಿಸೋದು ಬೇಡ ಅಂತ ಬಂದೆ." ನಾನು ನೇರವಾಗಿ ನನ್ನ ಕೋಣೆಗೆ ಹೋದೆ. ಬಾಯಿ ತೆಗೆದಿದ್ದರೆ ಆ ಮನೆಯಲ್ಲಿ ನನಗೆ ಜಾಗ ಇರುತ್ತಿರಲಿಲ್ಲ. ಅಷ್ಟು ಅಸಹ್ಯ ಹುಟ್ಟಿತ್ತು.

ಹೊಲಿಗೆಯಾಕೆ ಆ ವಾರವೇ ಹೋದಳು. ಕೊನೆಯ ದಿನ ಮಾತಾಡಲು ಆಗುತ್ತಿರಲಿಲ್ಲ. ಮೆಟ್ಟಿಲಲ್ಲಿ ಯಾರ ಕಾಲಿನ ಸದ್ದಾದರೂ ಬಾಗಿಲ ಕಡೆ ಕಣ್ಣು ಹೊರಳಿಸುತ್ತಿದ್ದಳು. ಹಾಲಿನವನು ಬಂದ, ಕೆಳಗಿನ ಮನೆಯಾಕೆ ಬಂದಳು, ಗಂಡ ಬಂದ. ಅವನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಹೆದರಿಕೆಯಲ್ಲೇ ಹೋದಳು, ಸುಳ್ಳು ಯಾಕೆ ಹೇಳಲಿ.

ಪಾಸ್ಟರ್ ಊರಲ್ಲಿರಲಿಲ್ಲ. ರೋಗಿಗಳನ್ನು ಹೇಗೆ ಭೇಟಿ ಮಾಡಬೇಕು ಎಂಬ ವಿಷಯದ ಸಮ್ಮೇಳನಕ್ಕೆ ಹೋಗಿದ್ದರು. ಲಿಫ್ಟಿನವನ ಕಡೆಯವರು ನಾಲ್ಕು ಜನ ಬಂದು, ಅವರಲ್ಲೇ ಒಬ್ಬರು ಪ್ರಾರ್ಥನೆ ಹೇಳಿ, ಮಣ್ಣು ಮಾಡಿದರು. ಅಕ್ಕನಿಗೆ ಮಂಡಿನೋವು, ಬರಲಾಗಲಿಲ್ಲ. ಎಲ್ಲ ಮುಗಿಯಿತೆಂದು ಮನೆಗೆ ಬಂದು ನಾನು ಅಕ್ಕನಿಗೆ ಹೇಳಿದೆ, ಹೊಲಿಗೆಯಕ್ಕ ಹೋದಳೆಂದು ಅಕ್ಕ ಹೋಗಿ ಭಾವನಿಗೆ ಹೇಳಿದಳು. ಭಾವ ಮೇಜಿನ ಮುಂದೆ ಕೂತು ಭಾನುವಾರದ ಪ್ರಸಂಗ ಬರೆಯುತ್ತಿದ್ದರು. "ಹೂಂ" ಅಂದರು. ನನ್ನ ಕೋಣೆಯಿಂದ ನನ್ನ ಕಿವಿಯಾರೆ ಕೇಳಿದ್ದೇನೆ. ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಆ ಹೊತ್ತಿನಲ್ಲಿ ಅವರು ಹೂಂ ಎನ್ನುತ್ತಿದ್ದರು ಎಂಬುದು ನನಗೆ ಹೊಳೆಯಬೇಕಿತ್ತು. ಸಿಟ್ಟಿನಲ್ಲಿದ್ದೆ, ಹೊಳೆಯಲಿಲ್ಲ. ಅವತ್ತಿನಿಂದ ಸಭೆಗೆ ಹೋಗುವುದನ್ನೂ ಬಿಟ್ಟೆ.

ಕೆಲವು ವಾರಗಳ ಮೇಲೆ, ಭಾವ ಮನೆಯಲ್ಲೇ ಬಿಟ್ಟುಹೋಗಿದ್ದ ಊಟದ ಡಬ್ಬಿ ಕೊಡಲು ಶೆಡ್ಡಿಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮರದ ಕಾಲುಗಳ ಮೇಲೆ ಒಂದು ಕಿರಿದಾದ ಕಲ್ಲು, ಅದರ ಮೇಲೆ ಅವಳ ಹೆಸರು. ಹೊಲಿಗೆಯಕ್ಕ ಎಂದಲ್ಲ, ತಾಯಿ ಇಟ್ಟ ಹೆಸರು. ಭಾವ ಸೀಟಿ ಹಾಕುತ್ತಾ ಅದರ ಕೆಳಗೆ ವಾಕ್ಯ ಕೆತ್ತುತ್ತಿದ್ದರು. ಯಾವ ವಾಕ್ಯ ಎಂದು ಹೇಳಬೇಕಾಗಿಲ್ಲ. ಕಿರಿದಾದ ಕಲ್ಲಿನದ್ದು.

"ಡಬ್ಬಿ ಅಲ್ಲಿಡಮ್ಮ," ಅಂದರು. ಬೇರೆ ಮಾತಿಲ್ಲ.

ಅವಳ ಕಲ್ಲನ್ನು ಎದುರಿಗಿಟ್ಟುಕೊಂಡು ಸೀಟಿ ಹಾಕುತ್ತಾರಲ್ಲ, ಇವರಿಗೆ ಎದೆಯ ಜಾಗದಲ್ಲಿ ಏನಿದೆ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ. ಅದು ಯಾರ ಕಲ್ಲು ಎಂದೇ ಆ ಮಹಾನುಭಾವರಿಗೆ ಗೊತ್ತಿಲ್ಲ ಎಂಬುದು ನನ್ನ ಕನಸಿನಲ್ಲೂ ಬರಲಿಲ್ಲ.

ಕಲ್ಲು ನಿಲ್ಲಿಸಿದ ಮೇಲೆ ಲಿಫ್ಟಿನವನು ನಮ್ಮ ಮನೆ ಬಾಗಿಲಿಗೆ ಬಂದ. ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡಿದ್ದ.

"ಬುಧವಾರ ಬುಧವಾರ ಅವರೆಲ್ಲ ನಂಗೋಸ್ಕರ ಪ್ರಾರ್ಥನೆ ಮಾಡ್ತಾರೆ ಅಂತ ಅವಳು ಹೇಳ್ತಿದ್ಲಮ್ಮ. ಒಂದ್ಸಲ ಹೋಗಿ ಉಪಕಾರ ಆಯ್ತು ಅಂತ ಹೇಳ್ಬೇಕು. ನಂಗೆ ಅಲ್ಲಿ ಯಾರೂ ಗೊತ್ತಿಲ್ಲ. ನೀವು ಜೊತೆಗೆ ಬರ್ತೀರಾ?"

ಆ ಮನುಷ್ಯನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಇಬ್ಬರೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆವು. ಹತ್ತು ಹನ್ನೆರಡು ಜನ ಇದ್ದರು. ಪಾಸ್ಟರ್ ಮುಂದಿನ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಭಾವ ಎದ್ದರು, ಕಣ್ಣು ಮುಚ್ಚಿದರು, ಕುತ್ತಿಗೆ ಎತ್ತಿದರು. ಕೆಳಗೆ ಗಾಳಿಯ ಯಂತ್ರ ನಿಂತಿತು. ಯಾರದೋ ಕೀಲುನೋವು, ಯಾರದೋ ಕಣ್ಣಿನ ಪೊರೆ ಆದ ಮೇಲೆ ದನಿ ಇನ್ನಷ್ಟು ಏರಿತು.

"ಕರ್ತನೇ, ನಮ್ಮ ಪ್ರಿಯ ಸಹೋದರಿ ಹೊಲಿಗೆಯಕ್ಕನನ್ನು ನಿನ್ನ ಪಾದಕ್ಕೆ ಒಪ್ಪಿಸುತ್ತೇವೆ. ಅವರನ್ನು ಹಾಸಿಗೆಯಿಂದ ಎಬ್ಬಿಸು. ಅವರ ಕೈಗೆ ಮತ್ತೆ ಸೂಜಿಯನ್ನು ಕೊಡು. ಮುಂದಿನ ಭಾನುವಾರ ಅವರು ನಮ್ಮ ನಡುವೆ ಕೂತು ಹಾಡುವಂತೆ ಮಾಡು."

ಎಲ್ಲರೂ ಆಮೆನ್ ಅಂದರು.

ಪಕ್ಕಕ್ಕೆ ನೋಡಿದೆ. ಲಿಫ್ಟಿನವನು ಮೊದಲು ಸುತ್ತಲೂ ನೋಡಿದ, ತಾನೇ ಏನೋ ತಪ್ಪು ತಿಳಿದುಕೊಂಡಿರಬೇಕು ಎನ್ನುವ ಹಾಗೆ. ಆಮೇಲೆ ಮೆಲ್ಲಗೆ ಎದ್ದು ನಿಂತ.

"ಸಾರ್, ಅವಳು ಹೋಗಿ ಎರಡು ತಿಂಗಳಾಯ್ತು."

ಭಾವ ಕಣ್ಣು ತೆರೆದರು. "ಯಾರು?"

"ನನ್ನ ಹೆಂಡ್ತಿ ಸಾರ್. ಹೊಲಿಗೆಯಕ್ಕ ಅಂತಿದ್ರಿ. ಕಲ್ಲು ನೀವೇ ಕೆತ್ತಿದ್ದಲ್ವಾ? ಪೆಟ್ಟಿಗೆ ಅಂಗಡಿಯವರು ಹೇಳಿದ್ರು. ಚೆನ್ನಾಗಿ ಬಂದಿದೆ ಸಾರ್."

ಕುಟುಕಬೇಕೆಂದು ಹೇಳಿದ್ದಲ್ಲ. ಅವನಿಗೆ ಕುಟುಕಲು ಬರುವುದೇ ಇಲ್ಲ. ನಿಜವಾಗಿ ಚೆನ್ನಾಗಿ ಬಂದಿದೆ ಎಂದೇ ಹೇಳಿದ್ದ. ಮುಂದಿನ ಬೆಂಚಿನ ಒಬ್ಬ ಅಜ್ಜಿ ಅಭ್ಯಾಸಬಲದಿಂದ ಇದಕ್ಕೂ ಆಮೆನ್ ಅಂದರು. ಪಾಸ್ಟರ್ ಭಾವನ ಕಡೆ ತಿರುಗಿ, "ಮೊನ್ನೆ ಕೇಳಿದಾಗ ಹಾಗೇ ಇದ್ದಾರೆ ಅಂದ್ರಲ್ಲ," ಎಂದು ಪಿಸುಗುಟ್ಟಿದರು. ತಾವು ಪಾರಾಗಬೇಕಲ್ಲ. ಅಷ್ಟು ಜನ ಆಮೆನ್ ಅಂದವರಲ್ಲಿ ಆ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ, ಆದರೂ ಈಗ ಎಲ್ಲರೂ ಭಾವನನ್ನೇ ನೋಡುತ್ತಿದ್ದರು. ಉಗಿದುಬಿಡಬೇಕು ಅನ್ನಿಸಿತು.

ಲಿಫ್ಟಿನವನು ಇನ್ನೊಂದು ಮಾತು ಹೇಳಿದ. "ಉಪಕಾರ ಆಯ್ತು ಅಂತ ಹೇಳಕ್ಕೆ ಬಂದೆ. ಪ್ರಾರ್ಥನೆ ಮಾಡಿದ್ದು ಒಳ್ಳೇದೇ ಸಾರ್. ನೀವು ಬಂದಿದ್ರೆ ಅವಳಿಗೆ ಇನ್ನೂ ಸಂತೋಷ ಆಗ್ತಿತ್ತು. ಮೆಟ್ಟಿಲಲ್ಲಿ ಸದ್ದಾದಾಗೆಲ್ಲ ನೀವೇ ಅಂದ್ಕೋತಿದ್ಲು." ಎಲ್ಲರಿಗೂ ಒಮ್ಮೆ ತಲೆಬಾಗಿ, ಹೊರಗೆ ಹೋದ.

ಭಾವನ ಬಾಯಿಂದ ಒಂದು ವಾಕ್ಯವೂ ಹೊರಡಲಿಲ್ಲ.

ಆಮೇಲೆ ಅವರು ಶೆಡ್ಡಿಗೆ ಹೋದರು, ಬಂದರು, ಉಂಡರು, ಮಲಗಿದರು. ಮನೆಯಲ್ಲಿ ಹಾಲು ಉಕ್ಕಿದರೂ ಮೌನ. ಅಕ್ಕ ಹೆದರಿ, "ಏನಾದ್ರೂ ಮಾತಾಡಿಸೇ," ಎಂದು ನನ್ನ ಹಿಂದೆ ಬಿದ್ದಳು. ನನಗೋ, ಮನೆಯಲ್ಲಿ ಮೊದಲ ಸಲ ನೆಮ್ಮದಿಯಾಗಿತ್ತು. ಒಂದು ಬೆಳಿಗ್ಗೆ ನಾನು ಹಿತ್ತಲ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಬಂದು ನಿಂತರು.

"ಅವರು ಏನು ಕೇಳ್ಬೇಕು ಅಂತಿದ್ರು?"

ನಾನು ಬಟ್ಟೆ ಹಿಂಡುತ್ತಾ ಹೇಳಿದೆ. ಅವಳು ಹೇಳಿದ ಹಾಗೆಯೇ, ಗೋಡೆ ಬರೀ ಗೋಡೆ ಎಂಬುದನ್ನೂ ಸೇರಿಸಿ. ಮೆದುವಾಗಿ ಹೇಳಬಹುದಿತ್ತು. ಮೆದುವಾಗಿ ಹೇಳುವ ಮನಸ್ಸಿರಲಿಲ್ಲ.

"ಈಗ ಹೇಳಿ ಭಾವ. ಅನ್ನಿಸಿದ್ಯಾ?"

"ಇಲ್ಲ."

"ಒಂದ್ಸಲವೂ?"

"ಒಂದ್ಸಲವೂ ಇಲ್ಲ. ಹೇಗಿರತ್ತೆ ಅಂತಾನೂ ಗೊತ್ತಿಲ್ಲ. ಎಲ್ಲಾ ಓದಿದೀನಿ. ಅನ್ನಿಸಿಲ್ಲ." ಆಮೇಲೆ ಅವರೇ ಅಂದರು, "ನಾನು ಮೆಟ್ಟಿಲ ಹತ್ರ ಬಂದಿದ್ದೆ."

"ನೋಡಿದ್ದೆ."

"ಅವರ ನರಳಾಟ ಕೇಳಿಸ್ತು. ಯಾವ ವಾಕ್ಯ ಹೇಳ್ಲಿ ಅಂತ ಹುಡುಕಿದೆ. ಒಂದೂ ಬರ್ಲಿಲ್ಲ. ಹೆದರಿಕೆ ಆಗ್ಬಿಡ್ತು."

ಆಗ ನಾನು, ಅವಳು ಕೊನೆಯ ವಾರದಲ್ಲಿ ಹೇಳಿದ್ದ ಇನ್ನೊಂದು ಮಾತನ್ನೂ ಹೇಳಿಬಿಟ್ಟೆ. "ಅವರಿಗೂ ಏನೂ ಅನ್ನಿಸಿಲ್ಲ ಅಂದ್ರೂ ಸಾಕು ಕಣೇ, ಇಷ್ಟು ತಿಳಿದವರಿಗೂ ಹಿಂಗೇ ಅಂದ್ರೆ ನನ್ನೊಬ್ಳನ್ನೇ ಕೈಬಿಟ್ಟಿಲ್ಲ ಅಂತ ಆಯ್ತಲ್ಲ" ಎಂದಿದ್ದಳು. "ಈಗ ನಂಗೆ ಹೇಳಿದ್ರಲ್ಲ, ಇಲ್ಲ ಅಂತ. ಆ ಒಂದು ‘ಇಲ್ಲ’ನ ಅವಳಿಗೆ ಹೇಳಿದ್ರೆ ಸಾಕಿತ್ತು. ಹೆದರಿಕೆ ಇಲ್ದೆ ಹೋಗ್ತಿದ್ಲು. ಇಷ್ಟು ವರ್ಷ ಸಾವಿರ ವಾಕ್ಯ ಹೇಳಿದ್ರಿ, ಇದೊಂದು ಹೇಳಕ್ಕೆ ಆಗ್ಲಿಲ್ಲ ನಿಮ್ಮ ಕೈಲಿ."

ಭಾವ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಇಸ್ತ್ರಿ ಮಾಡಿದ ಪ್ಯಾಂಟು ಪೂರಾ ಒದ್ದೆಯಾಯಿತು. ಅಳುತ್ತಿದ್ದರು. ನಾನು ಸಮಾಧಾನ ಮಾಡಲಿಲ್ಲ. ಬಟ್ಟೆ ಹರವಲು ಹೋದೆ. ತಿರುಗಿ ಬಂದಾಗಲೂ ಅಲ್ಲೇ ಇದ್ದರು.

"ಈಗ ಯಾರನ್ನ ನೋಡ್ಕೋತಿದೀಯ?"

"ಒಬ್ಬ ಮುದುಕ. ಲಾರಿ ಓಡಿಸ್ತಿದ್ದವನು. ಒಂದು ಕೈ ಒಂದು ಕಾಲು ಬಿದ್ದುಹೋಗಿದೆ, ಬಾಯಿ ಮಾತ್ರ ಬಿದ್ದಿಲ್ಲ."

"ನಾನೂ ಬರ್ತೀನಿ."

ಬಂದರೂ ಬಂದರು, ನನ್ನ ತಲೆನೋವು ಶುರುವಾಯಿತು. ಇಷ್ಟು ವಯಸ್ಸಾದರೂ ಒಂದು ಬಕೆಟ್ಟನ್ನು ನೀರು ಚೆಲ್ಲದೆ ಎತ್ತಲು ಬಾರದ ಗಂಡಸನ್ನು ನೀವು ನೋಡಿದ್ದೀರಾ? ನನ್ನ ಭಾವನನ್ನು ನೋಡಬಹುದು. ಮೊದಲ ದಿನ ದುರ್ವಾಸನೆಗೆ ಹೊರಗೆ ಓಡಿ ಹೋಗಿ ಗೋಡೆ ಹಿಡಿದು ನಿಂತರು. ಈ ಸಲ ಬೀದಿ ದಾಟಿ ಮನೆಗೆ ಓಡಲಿಲ್ಲ, ತಿರುಗಿ ಒಳಗೆ ಬಂದರು. ಅಷ್ಟು ಮಾತ್ರ ಅವರ ಲೆಕ್ಕಕ್ಕೆ ಬರೆಯುತ್ತೇನೆ. ಎರಡನೆಯ ದಿನ ಮುದುಕನ ಬೆನ್ನನ್ನು ಕರಿಕಲ್ಲು ಉಜ್ಜಿದ ಹಾಗೆ ಉಜ್ಜಿದರು. ಅವನು ಅವರ ಇಡೀ ವಂಶವನ್ನು ಬಾಯಿಗೆ ಬಂದಂತೆ ಬೈದ. ಭಾವ ಅಭ್ಯಾಸದಂತೆ ಸಹನೆಯ ಕುರಿತು ಒಂದು ವಾಕ್ಯ ಶುರು ಮಾಡಿದರು. "ಬಾಯಿ ಮುಚ್ಕೊಂಡು ಮೆಲ್ಲಗೆ ಉಜ್ಜಯ್ಯಾ," ಅಂದ ಮುದುಕ. ಭಾವ ಬಾಯಿ ಮುಚ್ಚಿ ಮೆಲ್ಲಗೆ ಉಜ್ಜಿದರು. ನಾನು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಸಭೆಯವರಿಗೆ ಇದರ ವಾಸನೆ ಹತ್ತಿತು. ಪಾಸ್ಟರ್ ಬೆನ್ನು ತಟ್ಟಿ, ಭಾನುವಾರ ಎದ್ದು ನಿಂತು ಈ ಬದಲಾವಣೆಯ ಬಗ್ಗೆ ಸಾಕ್ಷಿ ಹೇಳಿ ಎಂದು ಕರೆದರು. ಅವರಿಗೆ ಎಲ್ಲವೂ ಮೈಕಿಗೆ ಬಂದರೇ ನಿಜ. "ಹೇಳೋ ಅಂಥದ್ದು ಏನೂ ಆಗಿಲ್ಲ," ಅಂದರಂತೆ ಭಾವ. ಬುಧವಾರದ ಪ್ರಾರ್ಥನೆಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟರು. ಟೈರಿನವನಿಗೆ ಗೆಲುವಾಯಿತು. ಶೆಡ್ಡಿನಲ್ಲಿ ಈಗ ಕಿರಿದಾದ ಕಲ್ಲು ಬಂದರೆ, ಸತ್ತವರು ಯಾರು, ಏನು ಮಾಡುತ್ತಿದ್ದರು ಎಂದು ಕೇಳಿಕೊಂಡು ಬರಲು ಆ ಮನೆಗೇ ಹೋಗುತ್ತಾರಂತೆ. ಕೆಲಸ ತಡವಾಗುತ್ತದೆ ಎಂದು ಪೆಟ್ಟಿಗೆ ಅಂಗಡಿಯವನು ಗೊಣಗುತ್ತಾನೆ.

ಮುದುಕ ಒಂದು ದಿನ ಜ್ವರದಿಂದ ಬಹಳ ನರಳಿದ. ಬೈಯಲೂ ಶಕ್ತಿ ಇರಲಿಲ್ಲ. ನಾನು ಔಷಧಿ ತರಲು ಹೋಗಿದ್ದೆ, ಅಂಗಡಿಯಲ್ಲಿ ತಡವಾಯಿತು. ಬಂದು ನೋಡಿದರೆ ಅವನಿಗೆ ನಿದ್ದೆ ಹತ್ತಿತ್ತು. ಅವನ ಬಿದ್ದುಹೋದ ಕೈಯನ್ನು ಭಾವ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುಮ್ಮನೆ ಕೂತಿದ್ದರು. ನಾನು ಒದ್ದೆ ಬಟ್ಟೆಗಳನ್ನು ಎತ್ತಿಕೊಂಡು ಹೊರಗಿನ ನಲ್ಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅವರೂ ಬಕೆಟ್ಟು ಹಿಡಿದುಕೊಂಡು, ಎಂದಿನಂತೆ ಕಾಲ ಮೇಲೆಲ್ಲ ಚೆಲ್ಲಿಕೊಂಡು ಬಂದರು.

"ಅವರು ಕೇಳ್ಬೇಕು ಅಂತಿದ್ರಲ್ಲ, ಆ ಮಾತು," ಅಂದರು.

"ಏನೀಗ?"

"ಈಗ, ನೀನು ಇಲ್ದೇ ಇದ್ದಾಗ. ಒಂದು ಕ್ಷಣ." ಮುದುಕನ ಕೋಣೆಯ ಕಡೆ ಕೈ ತೋರಿಸಿದರು. "ನಾವಿಬ್ರೇ ಅಲ್ಲ ಅನ್ನಿಸ್ತು."

ನನಗೆ ಮೈ ಉರಿಯಿತು. ಅವಳಿಗೆ ಸಿಗದೇ ಹೋದದ್ದು, ಅವಳ ಮನೆಯ ಮೆಟ್ಟಿಲ ಬುಡದಿಂದಲೇ ಓಡಿದ ಈ ಮನುಷ್ಯನಿಗೆ ಸಿಗಬೇಕೇ ಎಂದು. ಇನ್ನು ಅಧ್ಯಾಯ ಶುರುವಾಗುತ್ತದೆ ಎಂದುಕೊಂಡು ಬೇಕೆಂದೇ ಕೆಣಕಿದೆ.

"ಎಷ್ಟನೇ ಅಧ್ಯಾಯ, ಭಾವ?"

ಅವರು ನಿಜವಾಗಿಯೂ ಹುಡುಕಿದರು. ಹುಬ್ಬು ಗಂಟಿಕ್ಕಿ, ಮೆಟ್ಟಿಲ ಬುಡದಲ್ಲಿ ನಿಂತಿದ್ದ ದಿನದಂತೆಯೇ ಹುಡುಕಿದರು. ಆದರೆ ಈ ಸಲ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಗೊತ್ತಿಲ್ಲ," ಅಂದರು.

ಆ ಮಾತನ್ನು ನಾನು ನಂಬಿದೆ. ಹೊಲಿಗೆಯಾಕೆಯೂ ನಂಬುತ್ತಿದ್ದಳು. ಅರ್ಧ ಚೆಲ್ಲಿದ್ದ ಬಕೆಟ್ಟನ್ನು ಅವರ ಕೈಯಿಂದ ಕಿತ್ತುಕೊಂಡು ನಲ್ಲಿಯ ಕೆಳಗಿಟ್ಟೆ.